ಮಂಗಳೂರಿನಿಂದ ಒಂದು ದಿನದ ಘಟ್ಟ ಹಾಗೂ ಕಡಲತೀರ ಪ್ರವಾಸ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮಂಗಳೂರು ನಗರದ ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ಪೂರ್ವಕ್ಕೆ ಪಶ್ಚಿಮಘಟ್ಟಗಳ ಸಾಲೂ ಇವೆ. ಸುಮಾರು 100 ಕಿ.ಮೀ. ಅಂತರದೊಳಗೆ ಕಡಲತೀರ, ದ್ವೀಪ, ಪುರಾತನ ಬಸದಿ, ಕೋಟೆ, ಮಳೆಕಾಡು ಮತ್ತು ಹುಲ್ಲುಗಾವಲಿನ ಶಿಖರಗಳನ್ನು ನೋಡುವ ಅವಕಾಶವಿರುವುದರಿಂದ, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಹಿಂದಿರುಗುವ ಪ್ರವಾಸವನ್ನು ಸಹಸ್ರಾರು ಕುಟುಂಬಗಳು ಕೈಗೊಳ್ಳುತ್ತಿವೆ.

ಇಂತಹ ಪ್ರವಾಸಗಳನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ಯೋಜಿಸುವುದು ಸಾಮಾನ್ಯ ರೂಢಿ. ಆದರೆ ಘಟ್ಟ ಮತ್ತು ಕಡಲ ಪ್ರದೇಶದಲ್ಲಿ ಪ್ರವಾಸದ ಅಳತೆಯನ್ನು ನಿರ್ಧರಿಸುವುದು ದೂರವಲ್ಲ; ಋತು, ಹಗಲಿನ ಅವಧಿ ಮತ್ತು ಪೂರ್ವಾನುಮತಿ. ಕೆಲವು ಸ್ಥಳಗಳು ವರ್ಷದ ಕೆಲವು ತಿಂಗಳು ಮುಚ್ಚಿರುತ್ತವೆ. ಕೆಲವು ಕಡೆ ನಿಗದಿತ ಸಂಖ್ಯೆಯ ಜನರಿಗೆ ಮಾತ್ರ ಪ್ರವೇಶವಿರುತ್ತದೆ. ಈ ನಿರ್ಬಂಧಗಳ ಕಾರಣ ಗೊತ್ತಿಲ್ಲದೆ ಅವುಗಳನ್ನು ಮೀರಿದಾಗ ಪ್ರಾಣಹಾನಿ ಸಂಭವಿಸುತ್ತದೆ. ಆದ್ದರಿಂದ ನಿಯಮಗಳ ಜೊತೆಗೆ ಅವುಗಳ ಹಿಂದಿರುವ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

1. ಋತುಮಾನ: ಯಾವಾಗ ಎಲ್ಲಿಗೆ?

ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿಯು ಕಡಲತೀರಕ್ಕೂ ಘಟ್ಟಕ್ಕೂ ಸೂಕ್ತವಾದುದು. ಮಳೆ ಇಳಿಮುಖವಾಗಿ ಸಮುದ್ರ ಶಾಂತವಾಗಿರುತ್ತದೆ. ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ. ಬೆಟ್ಟದ ಹುಲ್ಲು ಪೂರ್ತಿಯಾಗಿ ಒಣಗಿರುವುದಿಲ್ಲ.

ಫೆಬ್ರವರಿಯಿಂದ ಮೇ ವರೆಗೆ ಬೆಟ್ಟದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭೀತಿ ಹೆಚ್ಚುತ್ತದೆ. ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು. ಈ ಕಾರಣದಿಂದ ಅರಣ್ಯ ಇಲಾಖೆಯು ಬೇಸಿಗೆಯಲ್ಲಿ ಹಲವು ಚಾರಣ ಮಾರ್ಗಗಳನ್ನು ಮುಚ್ಚುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಮಾತ್ರವಲ್ಲದೆ, ಅರಣ್ಯಕ್ಕೆ ಅಪಾಯ ತರುವಂತೆ ಬೆಂಕಿಯನ್ನು ಉರಿಯಲು ಬಿಟ್ಟುಹೋಗುವುದೂ ಅಪರಾಧವಾಗಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಕಾಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಘಟ್ಟದ ಮೇಲಿನ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಈ ಅವಧಿಯಲ್ಲಿ ಸಮುದ್ರಕ್ಕೆ ಇಳಿಯುವುದು, ದ್ವೀಪ ಪ್ರವಾಸ ಮತ್ತು ಕಡಿದಾದ ಬಂಡೆಗಳನ್ನು ಏರುವುದು ಸರ್ವಥಾ ಸಲ್ಲದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಯ ಜೊತೆಗೆ ಮೀನುಗಾರರ ಸುರಕ್ಷತೆಯೂ ಇದರ ಉದ್ದೇಶ. ಕಡಲನ್ನೇ ನಂಬಿ ಬದುಕುವವರು ದೋಣಿಗಳನ್ನು ದಡಕ್ಕೆ ತರುವ ಕಾಲದಲ್ಲಿ ಪ್ರವಾಸಿಗರು ನೀರಿಗೆ ಇಳಿಯುವುದು ವಿವೇಕವಲ್ಲ.

2. ಕಡಲತೀರದ ಸ್ಥಳಗಳು

ನಗರಕ್ಕೆ ಸಮೀಪವಿರುವ ಪಣಂಬೂರು ಮತ್ತು ತಣ್ಣೀರುಬಾವಿ ಕಡಲತೀರಗಳು ಅರ್ಧ ದಿನದ ಭೇಟಿಗೆ ಸೂಕ್ತವಾಗಿವೆ. ದಕ್ಷಿಣದಲ್ಲಿ ಉಳ್ಳಾಲದ ಬಳಿಯ ಸೋಮೇಶ್ವರವು ದೇವಸ್ಥಾನ ಹಾಗೂ ರುದ್ರಶಿಲೆ ಎಂಬ ಬಂಡೆಗಳಿಗೆ ಹೆಸರಾಗಿದೆ. ಈ ಬಂಡೆಗಳು ನೋಡಲು ಸುಂದರವಾಗಿದ್ದರೂ ಅಲೆಯ ಹೊಡೆತಕ್ಕೆ ಸಿಕ್ಕುವಂತಹವು. ಅವುಗಳ ಮೇಲೇರಿ ಛಾಯಾಚಿತ್ರ ತೆಗೆಯುವುದು ಅಪಾಯಕಾರಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿದರೆ ಸುಮಾರು 30 ಕಿ.ಮೀ. ದೂರದಲ್ಲಿ ಪಡುಬಿದ್ರಿ ಸಿಗುತ್ತದೆ. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಮುಂದೆ ಕಾಪುವಿನಲ್ಲಿ 1901ರಲ್ಲಿ ನಿರ್ಮಿತವಾದ ದೀಪಸ್ತಂಭವಿದೆ. ಸುಮಾರು 65 ಕಿ.ಮೀ. ದೂರದ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ತೆರಳಬಹುದು.

ಸದರಿ ದ್ವೀಪದ ಕಂಬದಾಕಾರದ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರ್ಪಡುವ ಕಾಲದಲ್ಲಿ, ಲಾವಾರಸ ತಣಿದು ಬಿರುಕುಬಿಟ್ಟು ಉಂಟಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಶಿಲೆಗಳನ್ನು ಒಡೆಯುವುದು, ಹೆಸರು ಕೆತ್ತುವುದು, ಚಿಪ್ಪು ಅಥವಾ ಕಲ್ಲುಗಳನ್ನು ಕೊಂಡೊಯ್ಯುವುದು ಮಾಡಬಾರದು. ಮಳೆಗಾಲದಲ್ಲಿ ದೋಣಿ ಸಂಚಾರ ಸ್ಥಗಿತವಾಗಿರುತ್ತದೆ. ಉಳಿದ ಕಾಲದಲ್ಲೂ ಗಾಳಿ ಮತ್ತು ಅಲೆಗಳನ್ನು ನೋಡಿಕೊಂಡು ಸಂಚಾರವನ್ನು ನಿಲ್ಲಿಸಬಹುದು. ಹೋಗುವಾಗಲೇ ಕೊನೆಯ ದೋಣಿ ಹಿಂದಿರುಗುವ ಸಮಯವನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

3. ಸಮುದ್ರದಲ್ಲಿ ಅಪಾಯ ಹೇಗೆ ಉಂಟಾಗುತ್ತದೆ?

ಈಜು ಬಲ್ಲವರೂ ಕಡಲಲ್ಲಿ ಮುಳುಗುವುದಕ್ಕೆ ಮುಖ್ಯ ಕಾರಣ ಸೆಳೆತ. ಅಲೆಗಳು ದಡಕ್ಕೆ ತಂದ ನೀರು ಮರಳಿ ಸಮುದ್ರಕ್ಕೆ ಹೋಗಬೇಕು. ಅದು ಮರಳದಿಬ್ಬಗಳ ನಡುವಿನ ಕಿರಿದಾದ ಓಣಿಗಳಲ್ಲಿ ವೇಗವಾಗಿ ಹಿಂದಕ್ಕೆ ಹರಿಯುತ್ತದೆ. ಇಂತಹ ಜಾಗದಲ್ಲಿ ಅಲೆಗಳು ಒಡೆಯುವುದು ಕಡಿಮೆಯಾದ್ದರಿಂದ ನೀರು ಶಾಂತವಾಗಿರುವಂತೆ ತೋರುತ್ತದೆ. ಮಕ್ಕಳನ್ನು ಇಳಿಸಲು ಜನರು ಅದೇ ಸ್ಥಳವನ್ನು ಆರಿಸಿಕೊಳ್ಳುತ್ತಾರೆ. ಸೆಳೆತಕ್ಕೆ ಸಿಲುಕಿದವರು ನೇರವಾಗಿ ದಡದತ್ತ ಈಜಿದರೆ ಬಲಗುಂದುತ್ತಾರೆ. ಗಾಬರಿಯಾಗದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತದಿಂದ ಹೊರಬಂದ ನಂತರ ದಡದತ್ತ ತಿರುಗಬೇಕು. ಈಜಲು ಆಗದಿದ್ದಲ್ಲಿ ತೇಲುತ್ತಾ ಕೈ ಎತ್ತಿ ಸಹಾಯ ಕೋರಬೇಕು.

ಮುಳುಗುತ್ತಿರುವವರನ್ನು ಕಂಡು ಮನೆಯವರು ಒಬ್ಬರ ಹಿಂದೊಬ್ಬರು ನೀರಿಗೆ ಧುಮುಕುವುದರಿಂದ ಒಂದು ದುರಂತವು ಹಲವಾಗುತ್ತದೆ. ಜೀವರಕ್ಷಕರನ್ನು ಕೂಗಿ ಕರೆಯುವುದು, ತೇಲುವ ವಸ್ತು ಅಥವಾ ಹಗ್ಗವನ್ನು ಎಸೆಯುವುದು ಸರಿಯಾದ ಕ್ರಮ. ನದಿಗಳು ಸಮುದ್ರ ಸೇರುವ ಅಳಿವೆಗಳಲ್ಲಿ ಯಾವ ಋತುವಿನಲ್ಲೂ ನೀರಿಗಿಳಿಯಬಾರದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಸ್ಥಳೀಯವಾಗಿ ಗಾಳಿ ಇಲ್ಲದಿದ್ದರೂ, ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿನ ದಡಕ್ಕೆ ಹಠಾತ್ತನೆ ನುಗ್ಗುವುದುಂಟು. ಈ ಬಗ್ಗೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಮುನ್ಸೂಚನೆ ನೀಡುತ್ತದೆ.

4. ಘಟ್ಟದ ಸ್ಥಳಗಳು

ಮೂಡುಬಿದಿರೆ, ಕಾರ್ಕಳ ಮತ್ತು ಆಗುಂಬೆ: ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಯಲ್ಲಿ 15ನೇ ಶತಮಾನದ ಸಾವಿರ ಕಂಬದ ಬಸದಿ ಇದೆ. ಸುಮಾರು 50 ಕಿ.ಮೀ. ದೂರದ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ, ಸುಮಾರು 42 ಅಡಿ ಎತ್ತರದ ಗೊಮ್ಮಟ ಮೂರ್ತಿ ಇದೆ. ಅಲ್ಲಿಂದ ಹೆಬ್ರಿ, ಸೋಮೇಶ್ವರ ಅಭಯಾರಣ್ಯದ ಮೂಲಕ 14 ತಿರುವುಗಳ ಘಾಟಿ ಏರಿದರೆ ಆಗುಂಬೆ ತಲುಪಬಹುದು. ಇಲ್ಲಿನ ಸೂರ್ಯಾಸ್ತ ವೀಕ್ಷಣಾ ಸ್ಥಳವು ಪ್ರಸಿದ್ಧ. ಆದರೆ ಸೂರ್ಯಾಸ್ತವನ್ನು ನೋಡಿದವರು ಅದೇ ಘಾಟಿಯನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ ಎಂಬುದನ್ನು ಮೊದಲೇ ಗಮನಿಸತಕ್ಕದ್ದು. ಘಾಟಿ ರಸ್ತೆಯ ಅಭ್ಯಾಸವಿಲ್ಲದ ಚಾಲಕರು ಹಗಲಿನಲ್ಲಿಯೇ ಇಳಿಯುವುದು ಒಳಿತು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ವಿಧಿಸಲಾಗುತ್ತದೆ.

ಗಡಾಯಿಕಲ್ಲು: ಬೆಳ್ತಂಗಡಿ ತಾಲ್ಲೂಕಿನ ಈ ಏಕಶಿಲಾ ಬೆಟ್ಟದ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಇದೆ. ಬಂಡೆಯಲ್ಲಿ ಕಡಿದ ಸುಮಾರು 1,800 ಮೆಟ್ಟಿಲುಗಳನ್ನು ಏರಬೇಕು. ಮೆಟ್ಟಿಲುಗಳು ಪಾಚಿಗಟ್ಟಿ ಜಾರುವುದರಿಂದ ಮಳೆಗಾಲದಲ್ಲಿ ಪ್ರವೇಶವನ್ನು ನಿರ್ಬಂಧಿಸಲಾಗುತ್ತದೆ. ಬಂಡೆ ಕಾಯುವ ಮುನ್ನ, ಬೆಳಗಿನ ಹೊತ್ತಿನಲ್ಲೇ ಏರಿ ಇಳಿಯುವುದು ಸೂಕ್ತ. ಮೇಲೆ ಕುಡಿಯುವ ನೀರನ್ನು ನಂಬಿಕೊಳ್ಳದೆ ತಲಾ 2 ಲೀಟರ್ ನೀರು ಒಯ್ಯಬೇಕು.

ಕುದುರೆಮುಖ: 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಪ್ರದೇಶದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು. 2012ರಲ್ಲಿ ಇದು ಪಶ್ಚಿಮಘಟ್ಟದ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿತು. ಶಿಖರದ ಚಾರಣವು ಕಳಸ ಸಮೀಪದ ಮುಳ್ಳೋಡಿಯಿಂದ ಆರಂಭವಾಗುತ್ತದೆ. ಹೋಗಿ ಬರಲು ಸುಮಾರು 18ರಿಂದ 20 ಕಿ.ಮೀ. ನಡೆಯಬೇಕಾದ್ದರಿಂದ, ಅದೇ ದಿನ ಮಂಗಳೂರಿನಿಂದ ಹೊರಟು ಚಾರಣ ಮುಗಿಸಿ ಹಿಂದಿರುಗುವ ಯೋಜನೆ ಸಾಧುವಲ್ಲ. ಹಿಂದಿನ ರಾತ್ರಿ ಸಮೀಪದ ಊರಿನಲ್ಲಿ ತಂಗುವುದು ಅಗತ್ಯ. ಕುಕ್ಕೆ ಸುಬ್ರಹ್ಮಣ್ಯದಿಂದ ಏರುವ, 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೂ ಇದೇ ಮಾತು ಅನ್ವಯಿಸುತ್ತದೆ.

5. ಘಟ್ಟದಲ್ಲಿ ಅಪಾಯ ಹೇಗೆ ಉಂಟಾಗುತ್ತದೆ?

ದಿನಗಟ್ಟಲೆ ಮಳೆ ಬಿದ್ದಾಗ ಇಳಿಜಾರಿನ ಮಣ್ಣು ನೀರು ಹೀರಿ ಭಾರವಾಗುತ್ತದೆ, ಅದರ ಹಿಡಿತವೂ ಸಡಿಲವಾಗುತ್ತದೆ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಅದು ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಮಾರ್ಗವೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯೂ ಹೀಗೆಯೇ ಬಂದ್ ಆಗಿದ್ದವು. ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5 ಮಿ.ಮೀ.ಗೂ ಮೇಲ್ಪಟ್ಟ ಮಳೆಯನ್ನು ಭಾರಿ, 115.6 ಮಿ.ಮೀ.ನಿಂದ ಅತಿ ಭಾರಿ, 204.4 ಮಿ.ಮೀ. ಮೀರಿದ್ದನ್ನು ಅತ್ಯಂತ ಭಾರಿ ಮಳೆ ಎಂದು ವರ್ಗೀಕರಿಸುತ್ತದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಘಟ್ಟದ ಪ್ರವಾಸವನ್ನು ಮುಂದೂಡತಕ್ಕದ್ದು.

ಜಲಪಾತದ ಕೆಳಗೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾಗಿದ್ದರೆ ನೀರು ನಿಮಿಷಗಳಲ್ಲಿ ಏರುತ್ತದೆ. ನೀರಿನ ಬಣ್ಣ ಕೆಂಪಾದರೆ ಅಥವಾ ಎಲೆ, ಕಡ್ಡಿಗಳು ತೇಲಿಬಂದರೆ ತಕ್ಷಣ ಎತ್ತರದ ಜಾಗಕ್ಕೆ ಹೋಗಬೇಕು.

ಬೇಸಿಗೆಯಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆಯೂ ಎಚ್ಚರವಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗೆ ಕಾಣಿಸಿಕೊಳ್ಳುತ್ತದೆ. ಮೈ ಮುಚ್ಚುವ ಉಡುಪು ಧರಿಸುವುದು, ಸತ್ತ ಮಂಗಗಳಿದ್ದ ಜಾಗದಿಂದ ದೂರವಿರುವುದು, ಹಿಂದಿರುಗಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು ಅವಶ್ಯ. ನಂತರ ಜ್ವರ ಬಂದಲ್ಲಿ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು.

6. ಅನುಮತಿ ಪಡೆಯುವುದು ಹೇಗೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಕಲಂ 27 ಮತ್ತು 28ರ ಅನ್ವಯ ಅಭಯಾರಣ್ಯಗಳಲ್ಲಿ ಪ್ರವೇಶಕ್ಕೆ ಅನುಮತಿ ಅಗತ್ಯ. ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮ ಅನ್ವಯಿಸುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಲೇ ಸಾವಿರಾರು ಜನ ಸೇರಿದ ನಂತರ, ಚಾರಣಕ್ಕೆ ಆನ್‌ಲೈನ್ ಮೂಲಕ ಮುಂಗಡ ಕಾಯ್ದಿರಿಸುವ ಪದ್ಧತಿ ಜಾರಿಗೆ ಬಂತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವು 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಪ್ರತಿ ಮಾರ್ಗಕ್ಕೂ ದಿನದ ಮಿತಿ ಇರುವುದರಿಂದ ವಾರಾಂತ್ಯದ ಟಿಕೆಟ್‌ಗಳು ಬೇಗನೆ ಮುಗಿಯುತ್ತವೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ:

ಅ) ಮಾರ್ಗವು ಆ ದಿನಾಂಕಕ್ಕೆ ತೆರೆದಿದೆಯೇ ಎಂದು ಜಾಲತಾಣದಲ್ಲಿ ಮೊದಲು ಪರಿಶೀಲಿಸುವುದು, ಅದಕ್ಕೂ ಮುನ್ನ ವಾಹನ ಅಥವಾ ವಸತಿಗೆ ಮುಂಗಡ ನೀಡದಿರುವುದು.
ಆ) ತಂಡದ ಪ್ರತಿಯೊಬ್ಬರ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ನಮೂದಿಸುವುದು.
ಇ) ಶುಲ್ಕ ಹಾಗೂ ರದ್ದತಿಯ ನಿಯಮಗಳನ್ನು ಓದಿದ ನಂತರವೇ ಹಣ ಪಾವತಿಸುವುದು.
ಈ) ಟಿಕೆಟ್‌ನ ಮುದ್ರಿತ ಪ್ರತಿ ಮತ್ತು ಮೂಲ ಗುರುತಿನ ಚೀಟಿಯನ್ನು ಜೊತೆಗೆ ಒಯ್ಯುವುದು. ಘಟ್ಟದಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ದೊರೆಯುವುದಿಲ್ಲ.
ಉ) ತಪಾಸಣಾ ಠಾಣೆಯಲ್ಲಿ ನೋಂದಾಯಿಸಿ, ಹಿಂದಿರುಗಿದಾಗಲೂ ತಪ್ಪದೆ ತಿಳಿಸುವುದು. ಯಾರಾದರೂ ಹಿಂದಿರುಗಿಲ್ಲವೆಂಬುದು ಗೊತ್ತಾಗುವುದು ಈ ಪುಸ್ತಕದಿಂದಲೇ.

ಸುಬ್ರಹ್ಮಣ್ಯ ರಸ್ತೆ ಮತ್ತು ಸಕಲೇಶಪುರ ನಡುವಿನ 57 ಸುರಂಗಗಳ ರೈಲು ಮಾರ್ಗದಲ್ಲಿ ಕಾಲ್ನಡಿಗೆಗೆ ಯಾವುದೇ ಅನುಮತಿ ದೊರೆಯುವುದಿಲ್ಲ. ಇದು ರೈಲ್ವೆ ಕಾಯ್ದೆಯ ಕಲಂ 147ರಡಿ ಶಿಕ್ಷಾರ್ಹ ಅತಿಕ್ರಮ ಪ್ರವೇಶವಾಗುತ್ತದೆ.

7. ಸಮಯದ ಲೆಕ್ಕ

ಕರಾವಳಿಯಲ್ಲಿ ಡಿಸೆಂಬರ್ ಆರಂಭದಲ್ಲಿ ಸಂಜೆ 6 ಗಂಟೆಯ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ಕಾಡಿನೊಳಗೆ ಅದಕ್ಕೂ ಮುಂಚೆ ಕತ್ತಲಾಗುತ್ತದೆ. ಆದ್ದರಿಂದ ಚಾರಣಿಗರು ಮಧ್ಯಾಹ್ನ 4 ಗಂಟೆಯೊಳಗೆ ಕೆಳಗಿಳಿದಿರುವಂತೆ ಲೆಕ್ಕ ಹಾಕಬೇಕು. ಹಿಂದಿರುಗುವ ಸಮಯವನ್ನು ಮೊದಲು ನಿಗದಿಪಡಿಸಿ, ಅದರಿಂದ ಹಿಂದಕ್ಕೆ ಎಣಿಸಿ ಹೊರಡುವ ಸಮಯವನ್ನು ಗೊತ್ತುಪಡಿಸುವುದು ಉತ್ತಮ ವಿಧಾನ. ತಲುಪಲು ತಡವಾದಲ್ಲಿ ಒಂದು ಸ್ಥಳವನ್ನು ಬಿಡಬೇಕೇ ಹೊರತು ವಾಹನದ ವೇಗವನ್ನು ಹೆಚ್ಚಿಸಬಾರದು. ಒಂದೇ ದಿನದಲ್ಲಿ ಘಟ್ಟ ಮತ್ತು ದ್ವೀಪ ಎರಡನ್ನೂ ಸೇರಿಸದಿರುವುದು ಲೇಸು.

8. ನದಿಯೂ ನಗರವೂ

ಕುದುರೆಮುಖದ ಬೆಟ್ಟಸಾಲಿನಲ್ಲಿ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುತ್ತವೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುಗಡೆ ಮಾಡುತ್ತವೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಬರುವ ನೇತ್ರಾವತಿಯಿಂದಲೇ, ತುಂಬೆಯ ಕಿಂಡಿ ಅಣೆಕಟ್ಟಿನ ಮೂಲಕ, ಮಂಗಳೂರು ನಗರಕ್ಕೆ ಕುಡಿಯುವ ನೀರು ಪೂರೈಕೆಯಾಗುತ್ತದೆ. ಬೆಟ್ಟದ ತೊರೆಗೆ ಎಸೆದ ಪ್ಲಾಸ್ಟಿಕ್ ಇದೇ ದಾರಿಯಲ್ಲಿ ಕಡಲು ಸೇರುತ್ತದೆ. ಬೆಟ್ಟದಲ್ಲಿ ಹೊತ್ತಿದ ಬೆಂಕಿಯ ಪರಿಣಾಮ ಬೇಸಿಗೆಯ ನಲ್ಲಿಯಲ್ಲಿ ಕಾಣಬಹುದು. ಆದುದರಿಂದ ತಂದ ಕಸವನ್ನು ಮರಳಿ ಒಯ್ಯುವುದು, ರಸ್ತೆ ಬದಿಯ ಸಿಂಗಳೀಕ ಹಾಗೂ ಇತರ ಪ್ರಾಣಿಗಳಿಗೆ ಆಹಾರ ನೀಡದಿರುವುದು ಪ್ರತಿಯೊಬ್ಬ ಪ್ರವಾಸಿಗನ ಕರ್ತವ್ಯವಾಗಿದೆ.

9. ತುರ್ತು ಸಂಪರ್ಕ

ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ತುರ್ತು ನೆರವು: 112
ಜಿಲ್ಲಾ ವಿಪತ್ತು ನಿರ್ವಹಣಾ ನಿಯಂತ್ರಣ ಕೊಠಡಿ: 1077

ಹೊರಡುವ ಮುನ್ನ ಹೋಗುವ ಸ್ಥಳ, ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ಮನೆಯವರಿಗೆ ಬರೆದುಕೊಟ್ಟು ಹೋಗುವುದು. ನಿರ್ಬಂಧಗಳು ಹವಾಮಾನಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಪ್ರವಾಸದ ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟಣೆಗಳನ್ನು ಪರಿಶೀಲಿಸತಕ್ಕದ್ದು. ಮುಚ್ಚಿದ ಸ್ಥಳಗಳು ಮುಂದಿನ ಋತುವಿನಲ್ಲಿ ಮತ್ತೆ ತೆರೆಯುತ್ತವೆ. ಆವರೆಗೆ ಕಾದು, ಸುರಕ್ಷಿತವಾಗಿ ಪ್ರವಾಸ ಕೈಗೊಂಡು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.