ಚರೆ ಎಲ್ಲಿ ಹೋಗಿ ನಿಲ್ಲುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಒಂದು ಅಳತೆ ಬರುತ್ತದೆ. ರಕ್ಷಣೆಗೋ ಕ್ರೀಡೆಗೋ ಕೋವಿ ಬೇಕೆಂದು ಅರ್ಜಿ ಹಾಕಿದ ನಾಗರಿಕನಿಗೆ ಬೇರೆ ಅಡ್ಡಿಗಳಿಲ್ಲದಿದ್ದರೆ ಪರವಾನಗಿ ಕೊಡಬೇಕು. ಆದರೆ ಆ ಕೋವಿಯ ನಳಿಗೆ ಒಳಗೆ ನುಣುಪಾಗಿರಬೇಕು, ಉದ್ದ 20 ಇಂಚಿಗೆ ಕಡಿಮೆ ಇರಬಾರದು. ಬೆಳೆ ಕಾಯುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೂ ಇದೇ ಸಲಿಗೆ. ರೈಫಲ್ಲೋ ರಿವಾಲ್ವರೋ ಬೇಕಾದವರು ಮಾತ್ರ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಮನೆ ಕಾಯುವ ಕೋವಿಯನ್ನು ಕಾನೂನು ನಳಿಗೆಯ ಒಳಮೈ ನೋಡಿ ಬೇರೆ ಮಾಡಿತಲ್ಲ, ಆ ಆಯ್ಕೆಯ ಹಿಂದಿನ ಭೌತಶಾಸ್ತ್ರ ತಿಳಿದುಕೊಳ್ಳುವಂಥದ್ದು.

ಮನೆಯ ಕೋವಿ ಎಂಥದ್ದಿರಬೇಕೆಂಬ ಪ್ರಶ್ನೆ ನಮ್ಮಲ್ಲಿ ಎಲ್ಲಕ್ಕಿಂತ ಜೀವಂತವಾಗಿರುವುದು ಕೊಡಗಿನಲ್ಲಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಅದರ ಮುಂದುವರಿಕೆಯಾಗಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂವು. ಇಷ್ಟು ಹತ್ತಿರದಿಂದ ಕೋವಿಯನ್ನು ಕಂಡ ಮನೆಗಳಲ್ಲೂ, ಮಲೆನಾಡಿನ ಒಂಟಿ ಮನೆಗಳಲ್ಲೂ ಹೆಚ್ಚಾಗಿ ಕಾಣುವುದು 12 ಬೋರಿನ ತೋಟಾ ಕೋವಿ. ಒಂಟಿ ನಳಿಗೆಯದು, ಇಲ್ಲವೇ ಜೋಡು ನಳಿಗೆಯದು.

12 ಬೋರ್ ಎನ್ನುವುದು ಹಳೆಯ ತೂಕದ ಲೆಕ್ಕ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮನಾದ ಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಕೂರುವ ನಳಿಗೆ, ಅಂದರೆ ಸುಮಾರು 18.5 ಮಿ.ಮೀ. ಅಗಲ. ಸಾಮಾನ್ಯ ತೋಟಾದಲ್ಲಿ ಒಂದು ಗುಂಡಿನ ಬದಲು ಸುಮಾರು 32 ಗ್ರಾಂ ಸೀಸದ ಕಾಳು, ಅಂದರೆ ಚರೆ, ಇರುತ್ತದೆ. ಅದು ಸೆಕೆಂಡಿಗೆ 380 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಬೀಳುವಾಗ ಅದರ ಶಕ್ತಿ 2,300 ಜೂಲ್. ನಮ್ಮಲ್ಲಿ ಪರವಾನಗಿ ಮೇಲೆ ಸಿಗುವ .32 ರಿವಾಲ್ವರಿನ ಗುಂಡಿಗೆ ಇರುವುದು ಸುಮಾರು 150 ಜೂಲ್.

ಇಷ್ಟು ಶಕ್ತಿಯಿದ್ದೂ ಚರೆ ಬಹುದೂರ ಹೋಗುವುದಿಲ್ಲ. ಒಂದು ಹಿಡಿ ಮರಳನ್ನೂ ಒಂದು ಬೆಣಚುಕಲ್ಲನ್ನೂ ಒಂದೇ ಬಿರುಸಿನಲ್ಲಿ ಎಸೆದು ನೋಡಿ. ಮರಳು ಕಾಲಬುಡದಲ್ಲೇ ಉದುರುತ್ತದೆ. ಗಾಳಿಯ ತಡೆ ಹತ್ತುವುದು ವಸ್ತುವಿನ ಅಡ್ಡಕೊಯ್ತದ ಮೇಲೆ, ಅದು ಅಡ್ಡಳತೆಯ ವರ್ಗದಂತೆ ಬೆಳೆಯುತ್ತದೆ. ಆ ತಡೆಯನ್ನು ಎದುರಿಸಿ ನುಗ್ಗಿಸುವುದು ತೂಕ, ಅದು ಘನದಂತೆ ಬೆಳೆಯುತ್ತದೆ. ಹಾಗಾಗಿ ಕಾಳು ಸಣ್ಣದಾದಷ್ಟೂ ಬೇಗ ಸೋಲುತ್ತದೆ. ಫ್ರಾನ್ಸಿನ ಸೇನಾಧಿಕಾರಿ ಜೂರ್ನೆ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾನೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಸೀಸದ ಚರೆಯ ಅಡ್ಡಳತೆಯ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ 80 ಮೀಟರ್ ದೂರ. ಹಕ್ಕಿ ಹೊಡೆಯುವ 2.5 ಮಿ.ಮೀ. ಚರೆ 200 ಮೀಟರಿನಲ್ಲಿ ನೆಲ ಕಾಣುತ್ತದೆ. ದೊಡ್ಡ ಪ್ರಾಣಿಗೆ ಬಳಸುವ 8.4 ಮಿ.ಮೀ. ಕಾಳು 660 ಮೀಟರ್ ತನಕ ಹೋದೀತು. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೀರುಗಳಿರುತ್ತವೆ. ಅವು ಉದ್ದನೆಯ ಗುಂಡನ್ನು ಬುಗುರಿಯಾಡಿಸಿ ಮೂತಿ ಮುಂದಾಗಿಯೇ ಸಾಗಿಸುತ್ತವೆ, ಅದು ಕಿಲೋಮೀಟರುಗಟ್ಟಲೆ ಹೋಗುತ್ತದೆ. ತೋಟದ ಅಂಚಿನಲ್ಲಿ ಹೊಡೆದ ರೈಫಲ್ ಗುರಿ ತಪ್ಪಿದರೆ ಆ ಗುಂಡು ಮುಂದಿನ ಊರಿನ ಲೆಕ್ಕಕ್ಕೆ ಸೇರುತ್ತದೆ. ನುಣುಪು ನಳಿಗೆ ನೆರೆಯವರಿಗೆ ಕೊಡುವ ರಕ್ಷಣೆ ಇದು. ಮನೆಗೆ ಕೋವಿ ಆರಿಸುವಾಗ ಮೊದಲು ಕೇಳಬೇಕಾದದ್ದು ತಪ್ಪಿದ ಈಡು ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಎಂದು ನಾನು ನಂಬಿದ್ದೇನೆ.

ಚರೆಯ ಕೋವಿಗೆ ಗುರಿಯೇ ಬೇಡ, ಆ ಕಡೆ ತಿರುಗಿಸಿದರೆ ಸಾಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದು ಅಪಾಯಕಾರಿ ತಪ್ಪು. ತೆರೆದ ನಳಿಗೆಯಿಂದ ಹೊರಟ ಚರೆ ಒಂದು ಮೀಟರ್ ಸಾಗುವಾಗ ಸುಮಾರು ಎರಡೂವರೆ ಸೆಂ.ಮೀ. ಹರಡುತ್ತದೆ. ಐದು ಮೀಟರಿನ ಪಡಸಾಲೆಯಲ್ಲಿ ಅದರ ಹರವು ಗೇಣಿಗಿಂತ ಕಡಿಮೆ. ಮೂತಿಯ ಬಳಿ ನಳಿಗೆಯನ್ನು ಕೂದಲೆಳೆಯಷ್ಟು ಕಿರಿದು ಮಾಡಿರುವ ಚೋಕ್ ಇದ್ದರೆ ಇನ್ನೂ ಬಿಗಿ. ಪೂರ್ತಿ ಚೋಕ್ ಇರುವ ನಳಿಗೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಪ್ಪತ್ತರಷ್ಟು ಚರೆ ಬೀಳಿಸಬೇಕೆಂಬುದು ತಯಾರಕರ ಅಳತೆ. ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಹಾಗಾದರೆ ನಳಿಗೆ ಗಿಡ್ಡ ಮಾಡಿದರೆ ಹರವು ಹೆಚ್ಚುತ್ತದೆಯೇ? ಚೋಕ್ ಇರುವ ತುದಿ ಕತ್ತರಿಸಿಹೋಗುವುದರಿಂದ ಸ್ವಲ್ಪ ಹೆಚ್ಚೀತು. ಉದ್ದಕ್ಕೂ ಹರವಿಗೂ ಅದಕ್ಕಿಂತ ದೊಡ್ಡ ನಂಟಿಲ್ಲ. ಗಿಡ್ಡ ನಳಿಗೆಯಿಂದ ನಿಜವಾಗಿ ಆಗುವುದು ಕೋವಿಯನ್ನು ಬಟ್ಟೆಯೊಳಗೆ ಬಚ್ಚಿಡುವ ಅನುಕೂಲ. 20 ಇಂಚಿನ ಮಿತಿ ತಡೆಯುವುದು ಅದನ್ನೇ.

ಉದ್ದ ನಳಿಗೆಯಿಂದ ಇನ್ನೊಂದು ಲಾಭ ಕಣ್ಣಿಗೆ. ಗುರಿಯಿಡುವ ಎರಡು ಬಿಂದುಗಳ ನಡುವೆ 10 ಸೆಂ.ಮೀ. ಇರುವ ಕೈಬಂದೂಕಿನಲ್ಲಿ ಒಂದು ಮಿಲಿಮೀಟರ್ ಅಲುಗಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ತಪ್ಪುತ್ತದೆ. 70 ಸೆಂ.ಮೀ. ನಳಿಗೆಯಲ್ಲಿ ಅಷ್ಟೇ ಅಲುಗಾಟಕ್ಕೆ ತಪ್ಪುವುದು ಒಂದೂವರೆ ಸೆಂ.ಮೀ. ಗಾಬರಿಯಲ್ಲಿ ಕೈ ನಡುಗುವುದು ಸಹಜವಾದ್ದರಿಂದ ಈ ವ್ಯತ್ಯಾಸ ದೊಡ್ಡದು. ಇದಕ್ಕೆ ತೆರುವ ಬೆಲೆಯೂ ಇದೆ: ಉದ್ದ ಕೋವಿ ಇಕ್ಕಟ್ಟಿನ ಓಣಿಯಲ್ಲಿ ತಿರುಗುವುದಿಲ್ಲ.

ಗೋಡೆಯ ವಿಚಾರದಲ್ಲಿ ಅಮೆರಿಕದ ಸಲಹೆಗಳನ್ನು ನಾವು ಹಾಗೇ ಎತ್ತಿಕೊಳ್ಳಬಾರದು. ಅಲ್ಲಿನ ಮನೆಗಳ ಒಳಗೋಡೆ ಬಹುಪಾಲು ಮರದ ಚೌಕಟ್ಟಿಗೆ ಬಡಿದ ಅರ್ಧ ಇಂಚಿನ ಜಿಪ್ಸಂ ಹಲಗೆ. ಪಿಸ್ತೂಲಿನ ಗುಂಡು, ದೊಡ್ಡ ಚರೆ ಎರಡೂ ಇಂಥ ಹಲವು ಗೋಡೆಗಳನ್ನು ದಾಟುತ್ತವೆ. ನಮ್ಮ ಜಂಬಿಟ್ಟಿಗೆಯ ಗೋಡೆ, ಕೊಡವರ ಐನ್‌ಮನೆಯ ದಪ್ಪ ಗೋಡೆ ಚರೆಯನ್ನು ನಿಲ್ಲಿಸುತ್ತವೆ. ಹಲಗೆಯ ಬಾಗಿಲು, ತಗಡು, ಹೆಂಚು ನಿಲ್ಲಿಸುತ್ತವೆ ಎಂದು ನಂಬುವಂತಿಲ್ಲ. ಸಿಮೆಂಟು ನೆಲಕ್ಕೆ ಓರೆಯಾಗಿ ಬಡಿದ ಚರೆ ಪುಟಿದು ಬೇರೆ ದಿಕ್ಕು ಹಿಡಿಯುತ್ತದೆ. ಕೋಣೆಯೊಳಗಿನ ಈಡಿನ ಸದ್ದು 150 ಡೆಸಿಬೆಲ್ ದಾಟುವುದರಿಂದ, ಒಂದೇ ಈಡಿಗೆ ಕಿವಿ ಶಾಶ್ವತವಾಗಿ ಕೆಡಬಹುದು.

ಈ ಮಡಚುವ ತೋಟಾ ಕೋವಿಯ ನಿಜವಾದ ಹಿರಿಮೆ ಬೇರೆಡೆಯಿದೆ. ಮೇಲಿನ ಕೀಲಿಯನ್ನು ಪಕ್ಕಕ್ಕೆ ಒತ್ತಿದರೆ ನಳಿಗೆ ಕೆಳಕ್ಕೆ ಬಾಗುತ್ತದೆ. ತೋಟಾ ಇದೆಯೋ ಇಲ್ಲವೋ ಮೂರು ಮಾರು ದೂರದವರಿಗೂ ಕಾಣುತ್ತದೆ. ಮಡಚಿದ ಕೋವಿ ಸಿಡಿಯಲಾರದು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಈ ಗುಣವಿಲ್ಲ. ಹಿಂದೆ ಬತ್ತಿಗೋವಿ, ಚಕಮಕಿ ಕೋವಿಗಳಿದ್ದವು. ಚಕಮಕಿಯ ಕಿಡಿ ಕಂಡೊಡನೆ ಹಕ್ಕಿ ಹಾರುತ್ತಿತ್ತು. ಅದಕ್ಕೆ ಪರಿಹಾರ ಹುಡುಕಿದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್. ಪೆಟ್ಟಿಗೆ ಸಿಡಿಯುವ ಮದ್ದಿನ ಆತನ 1807ರ ಪೇಟೆಂಟಿನಿಂದಲೇ ಮುಂದೆ ಕೇಪು ಬಂತು. ಆದರೆ ಕೇಪಿನ ಕೋವಿಯಲ್ಲಿ ಮದ್ದು, ಚರೆ ಎರಡೂ ಬಾಯಿಯಿಂದ ಒಳಗಿಳಿದು ಕಣ್ಮರೆಯಾಗುತ್ತವೆ. ತುಂಬಿದ್ದು ಹೌದೋ ಅಲ್ಲವೋ ಎಂದು ತಿಳಿಯಲು ಗಜದ ಕೋಲು ಇಳಿಸಿ ಅಳೆಯಬೇಕು. ಮೂಲೆಯಲ್ಲಿ ನಿಲ್ಲಿಸಿದ ಅಂಥ ಕೋವಿಯನ್ನು ಖಾಲಿಯೆಂದೇ ಭಾವಿಸಿ ಎತ್ತಿಕೊಳ್ಳುವ ಮಕ್ಕಳನ್ನು ನೆನೆದರೆ ಮನೆಗೆ ಅದನ್ನು ಒಪ್ಪಲು ನನ್ನ ಮನಸ್ಸು ಬರುವುದಿಲ್ಲ. ಕರಿಮದ್ದಿನ ಉಳಿಕೆ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಬಲು ಬೇಗ.

ಅಜ್ಜನ ಕಾಲದ ಕೋವಿಯ ನಳಿಗೆಯ ಮೇಲೆ ಸುರುಳಿ ಸುರುಳಿ ಚಿತ್ತಾರವಿದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಕರಿಮದ್ದಿನ ಕಾಲದಲ್ಲಿ ಮಾಡಿದ್ದಕ್ಕೆ ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಬಾರದು. ಕಣ್ಣಿಗೆ ಕಾಣದ ಬೆಸುಗೆಯ ಬಿರುಕು ಹೆಚ್ಚಿನ ಒತ್ತಡಕ್ಕೆ ಬಾಯಿಬಿಟ್ಟರೆ ಹೋಗುವುದು ಹೊಡೆದವನ ಎಡಗೈ. ಅಂಥದ್ದು ಗೋಡೆಗೆ, ಪೂಜೆಗೆ ಇರಲಿ. ಕುದುರೆ ಒಳಗಿರುವ ಹೊಸ ಜೋಡು ನಳಿಗೆಗಳಲ್ಲೂ ಸೇಫ್ಟಿ ಗುಂಡಿ ಹೆಚ್ಚಾಗಿ ಟ್ರಿಗರನ್ನಷ್ಟೇ ತಡೆಯುತ್ತದೆ. ಸವೆದ ಕೋವಿ ಕೆಳಗೆ ಬಿದ್ದರೆ ಸೇಫ್ಟಿ ಹಾಕಿದ್ದರೂ ಸಿಡಿಯಬಹುದು.

ಕೋವಿ ಯಾರಿಂದ ಕಾಪಾಡುತ್ತದೆ ಎಂಬ ಲೆಕ್ಕದ ಇನ್ನೊಂದು ಬದಿಯನ್ನು ಅಮೆರಿಕದ ವೈದ್ಯರು ಅಳೆದಿದ್ದಾರೆ. ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಆತ್ಮಹತ್ಯೆ. ಕ್ಯಾಲಿಫೋರ್ನಿಯಾದ ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಇಟ್ಟುಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಇಟ್ಟುಕೊಳ್ಳದವರಿಗಿಂತ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು ಹೆಚ್ಚಿತ್ತು. ಸಾಯಬೇಕೆಂಬ ತೀವ್ರ ಒತ್ತಡ ಎಷ್ಟೋ ಜನರಲ್ಲಿ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತು ಕೈಗೆಟುಕುವುದು ಏನು ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬೆಲೆ ಕುಸಿತ, ಸಾಲ, ಕುಡಿತ, ಬೇಸರ ಇವೆಲ್ಲ ನಮ್ಮ ತೋಟದ ಮನೆಗಳಿಗೂ ಬರುತ್ತವೆ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಎರಡು ಬೀಗದಕೈ ಇಬ್ಬರ ಬಳಿ ಇದ್ದರೆ ಆ ಹೊತ್ತು ಉದ್ದವಾಗುತ್ತದೆ. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ, ಊಟ ನಿದ್ದೆ ಬಿಟ್ಟಿದ್ದಾರೆ ಎಂದು ಕಂಡರೆ ಬೀಗವನ್ನೂ ನಂಬದೆ, ಕಾಪಿಡುವ ಪರವಾನಗಿ ಇರುವ ಕೋವಿ ಅಂಗಡಿಗೆ ಅದನ್ನು ಕೆಲವು ತಿಂಗಳು ಒಪ್ಪಿಸಿ ರಸೀದಿ ಪಡೆಯಬಹುದು. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಿ ಅಭ್ಯಾಸವಿರುವ ಮನೆಗಳಿಗೆ ಇದು ಹೊಸ ಕೆಲಸವೇನೂ ಅಲ್ಲ.