ಬೈಪಾಸ್ ಆದ ಮೇಲೆ ಮತ್ತೆ ಎದೆನೋವೇ?

ಯಜಮಾನರ ಬೈಪಾಸ್ ಚೆನ್ನಾಗಿ ಆಯ್ತು, ಮನೆಗೂ ಬಂದ್ರು. ಎರಡು-ಮೂರು ವಾರಕ್ಕೆ ಜ್ವರ, ಎದೆನೋವು ಶುರುವಾದರೆ? ‘ಗಾಯ ಮಾಯೋ ನೋವು’ ಅಂತ ಸುಮ್ಮನಿರಬೇಡಿ. ಹೃದಯದ ಸುತ್ತಲಿನ ತೆಳು ಪೊರೆ ಊದಿಕೊಂಡಿರಬಹುದು. ಹೃದಯಾಘಾತದ ನಂತರವೂ ಹೀಗಾಗುವುದನ್ನು 1956ರಲ್ಲೇ ವಿವರಿಸಿದವರು ಡಾ. ವಿಲಿಯಂ ಡ್ರೆಸ್ಲರ್.

ಉಸಿರೆಳೆದಾಗ, ಅಂಗಾತ ಮಲಗಿದಾಗ ನೋವು ಹೆಚ್ಚುತ್ತೆ; ಮುಂದಕ್ಕೆ ಬಾಗಿ ಕೂತರೆ ತಗ್ಗುತ್ತೆ. ಗಾಂಧಿಬಜಾರಿನ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಹೃದಯದ ಮಾತ್ರೆಗಳ ಜೊತೆ ಅದು ತೊಂದರೆ ಕೊಡಬಹುದು. ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ. ಪೊರೆಯೊಳಗೆ ನೀರು ತುಂಬಿದೆಯೇ ಎಂದು ಎಕೋದಲ್ಲಿ ತಿಳಿಯುತ್ತೆ. ಹೆಚ್ಚಿನವರಿಗೆ ಆಸ್ಪಿರಿನ್, ಕಾಲ್ಚಿಸಿನ್‌ನಂಥ ಮಾತ್ರೆಗಳಲ್ಲೇ ಗುಣವಾಗುತ್ತೆ.

ಏದುಸಿರು, ತಲೆಸುತ್ತು ಬಂದರೆ ಮಾತ್ರ ಕಾಯಬೇಡಿ. ತುಂಬಿದ ನೀರು ಹೃದಯವನ್ನು ಒತ್ತಿದರೆ ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ, ಜಯದೇವದಂಥ ಹೃದ್ರೋಗ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.