ಅಂಗೈಯಲ್ಲಿ ಪೂಜೆ, ಕೈತುಂಬ ಕಾಯಕ

ಮೈಮೇಲೆ ಧರಿಸುವ ಪುಟ್ಟ ಲಿಂಗವಾದ ಇಷ್ಟಲಿಂಗದ ಪೂಜೆಗೆ ಗುಡಿ ಬೇಕಿಲ್ಲ, ಅರ್ಚಕರೂ ಬೇಕಿಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರೂ ಕಲ್ಯಾಣದ ಶರಣರೂ ಹೆಣ್ಣು-ಗಂಡೆಂಬ ಭೇದವಿಲ್ಲದೆ ಮನೆಮನೆಗೆ ಮುಟ್ಟಿಸಿದ ಈ ಸಾಧನೆ ಅನೇಕ ಲಿಂಗಾಯತ ಕುಟುಂಬಗಳಲ್ಲಿ ಇಂದಿಗೂ ದಿನಚರಿಯ ಭಾಗ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ತುಸು ನೀರು, ಪತ್ರೆ, ಒಂದೆರಡು ಹೂವು, ಅಷ್ಟೇ. ಬಳಿಕ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಲಿಂಗದ ಕಪ್ಪು ಹೊಳಪಿನ ಮೇಲೆ ದೃಷ್ಟಿ ನೆಡುತ್ತಾರೆ. ಪೂಜೆಯ ತಿರುಳು ಇರುವುದು ಈ ನೋಟದಲ್ಲೇ. ಮನಸ್ಸು ಹೊಲಕ್ಕೋ ಸಾಲಕ್ಕೋ ಓಡಿದರೆ ನೋಟ ಕದಲುತ್ತದೆ. ಬೈದುಕೊಳ್ಳದೆ ಮತ್ತೆ ಕರೆತರಬೇಕು.

ಶರಣರು ಇಷ್ಟಕ್ಕೆ ನಿಲ್ಲಲಿಲ್ಲ. ಪೂಜೆಯ ಆ ಏಕಾಗ್ರತೆ ದುಡಿಮೆಗೂ ಇಳಿಯಬೇಕೆಂದರು, ಅದೇ ಕಾಯಕ. ಶರಣ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದ. ಹುಲ್ಲು ಕೊಯ್ಯುವಾಗ ಲಿಂಗವೇ ಕಳಚಿ ಬಿದ್ದರೂ ಅವನು ಕೆಲಸ ನಿಲ್ಲಿಸಲಿಲ್ಲ ಎನ್ನುತ್ತದೆ ಕಥೆ. ಭಕ್ತಿಯ ಕಥೆಗಳಲ್ಲಿ ಇಂಥ ದಿಟ್ಟತನ ಅಪರೂಪ.

ಕಾಯಕದಲ್ಲಿ ಆಸೆ ನುಸುಳದಂತೆ ಮನೆಯೊಳಗೂ ಇದ್ದ ಎಚ್ಚರಕ್ಕೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಿದೆ. ಗಂಡ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅವನ ಮಡಿಲು ಎಂದಿಗಿಂತ ಹೆಚ್ಚು ತುಂಬಿತ್ತು. ಲಕ್ಕಮ್ಮ ಅಕ್ಕಿಯನ್ನು ನೋಡಿದಳು, ಆ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚೆಂದು ತಿಳಿದು, ತಂದಲ್ಲಿಯೇ ಸುರಿದು ಬಾ ಎಂದು ಅವನನ್ನು ಹಿಂದಕ್ಕೆ ಕಳಿಸಿದಳು.